ಒತ್ತಿಗೆ ಜಾಗ

ಬೆಟಗೇರಿ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮ ಝೆರಾಕ್ಸ್ ಅಂಗಡಿ.
ಸಂಜೀಕ ಏಳರ ಸುಮಾರು, ಷಟರ್ ಅರ್ಧ ಇಳಿಸಿದ್ದೆ.
ಬಗ್ಗಿ ಒಳಗ ಬಂದಳು ಅಂಬುಬಾಯಿ ಬಾಕಳೆ,
ಸೆರಗಿನ ತುದಿಗೆ ಗಂಟು ಹಾಕಿದ್ದು ಒಂದು ಪೆನ್‌ಡ್ರೈವು.

ನಾಳೆ ಹತ್ತಕ್ಕ ಹುಬ್ಬಳ್ಳ್ಯಾಗ, ಬ್ಯಾಂಕಿನವರ ಮುಂದ
ನೇಕಾರ ಸಂಘದ ಮಾತು ಇಡೋದೈತಿ.
ಸೆಕ್ರೆಟರಿ ಮಾಡಿಕೊಟ್ಟ ಹನ್ನೊಂದು ಸ್ಲೈಡು.
ತೆರೆದೆ.
ಎಲ್ಲಾ ಬೋಲ್ಡು. ಎಲ್ಲಾದಕ್ಕೂ ನೆರಳು.
ಕೆಂಪಿನ ಮ್ಯಾಲೆ ನೀಲಿ, ತಲೆಬರಹ ಕಮಾನಿನಂಗ ಬಾಗಿ,
ಒಂದೊಂದು ಸಾಲೂ ಗಿರಗಿರ ತಿರುಗಿ ಬಂದು
ತಲೆ ಸುತ್ತಿದವರಂಗ ಕುಂದರತಿತ್ತು.

"ಎಲ್ಲಾರೂ ಒದರಿದರ ಯಾರ ಮಾತು ಕೇಳೋದೋ ತಮ್ಮಾ?"
ಬೋಲ್ಡು ತೆಗೆದೆ. ನೆರಳೂ ಹೋತು.
"ಹಿಂದಿನ ಬಣ್ಣ?" ಅಂದೆ.
"ಬಿಳೀದು ಬ್ಯಾಡ, ಕಣ್ಣು ಕುಕ್ಕತೈತಿ. ಕೋರಾ ನೂಲಿಂದು ಹಾಕು."
ಕೋರಾ ನೂಲಿನ ಬಣ್ಣಕ್ಕ ನಂಬರ್ ಎಷ್ಟು?
ಹುಡುಕಿದೆ ಬಹಳ ಹೊತ್ತು, ಆಕಿ ಹೂಂ ಅನ್ನೋತನಕ.

ಆಮ್ಯಾಲೆ ಚಾಳೀಸ ಏರಿಸಿ, ಓದಲಿಲ್ಲ ಆಕಿ,
ಅಂಚಿಗೆ ಕಣ್ಣು ಹಾಯಿಸಿದಳು.
"ದಡಿ ಎಲ್ಲೈತಿ?"
ಅಕ್ಷರ ಚೌಕಟ್ಟಿನ ತುದಿಗೆ ಜೋತು ಬಿದ್ದಿದ್ದುವು
ರೋಣದ ಬಸ್ಸಿನ ಬಾಗಲಾಗ ನಿಂತವರಂಗ.
ಎರಡೂ ಕಡೆ ಎರಡೆರಡು ಬೆರಳು ಬಿಟ್ಟೆ.
"ಹಾಂ. ಈಗ ಉಡಾಕ ಬರತೈತಿ."

ನಾಲ್ಕನೇ ಸ್ಲೈಡಿನ್ಯಾಗ ತೊಡಕು.
ಸಂಘ ಕಟ್ಟಿದವರ ಹೆಸರು, ಒಂದರ ಮ್ಯಾಲೊಂದು ತುರುಕಿದ್ದು.
ವಿಠ್ಠಲಸಾನ ಒತ್ತು ಇಳಿದು
ಸಿದ್ದವ್ವನ ಗುಡಸಿಗೆ ಚುಚ್ಚಿತ್ತು.
ಕಡೀ ಸಾಲಿಂದು ಚೌಕಟ್ಟಿನ್ಯಾಗ ಕತ್ತರಿಸಿ ಹೋಗಿ
ಕಲ್ಲಪ್ಪ
ಕಲಪ ಆಗಿದ್ದ.

ಅಂಬುಬಾಯಿ ಪರದೆಗೆ ಬೆರಳು ಹಚ್ಚಿದಳು.
"ಇಂವನ ಕಾಲು ಎಲ್ಲಿ?
ಕುಣಿಮಗ್ಗದಾಗ ನಲವತ್ತು ವರ್ಷ ಇಳಿಬಿಟ್ಟಿದ್ದ ಕಾಲು.
ಮ್ಯಾಲಿದ್ದವರಿಗೆ ಕೈ ಕಾಣತಿತ್ತು, ಲಾಳಿ ಕಾಣತಿತ್ತು.
ಕಾಲು ತುಳಿದರಲ್ಲಾ ತಮ್ಮಾ
ಹಾಸು ಬಾಯಿ ತೆಗಿಯೋದು."

ನಾ ಹನ್ನೆರಡು ವರ್ಷದಿಂದ ಕನ್ನಡ ಕುಟ್ಟತೇನಿ,
ಲಗ್ನಪತ್ರಿಕಿ, ತಕರಾರು ಅರ್ಜಿ, ಪ್ರಾಜೆಕ್ಟ್ ರಿಪೋರ್ಟು.
ಹೊಳೆದಿರಲೇ ಇಲ್ಲ:
ಈ ಚೌಕಟ್ಟು ಕೊಯ್ದವರ ಅಕ್ಷರಕ್ಕ
ಒಂದೋ ಎರಡೋ ಬಾಲ ಐತಿ, ಕಾಲಿಲ್ಲ.
ಅದಕ್ಕ ಅವರು ಕುಣಿ ತೋಡಿಲ್ಲ.
ಸಾಲಿನ ಅಂತರ ಒಂದಿದ್ದದ್ದು ಒಂದೂವರಿ ಮಾಡಿದೆ.
ಕಲ್ಲಪ್ಪ ಮೆಲ್ಲಕ
ಎರಡೂ ಕಾಲು ಕೆಳಗಿಟ್ಟ.

ಸಾಲದ ಮೊತ್ತ ಎಷ್ಟು ದೊಡ್ಡದಿಡಲಿ ಅಂದೆ.
"ದೊಡ್ಡದು ಬರದರ ಅವರು ಹೆದರತಾರ,
ಸಣ್ಣದು ಬರದರ ನಾವು ಹೆದರೇವಿ ಅಂತಾರ.
ಉಳಿದ ಮಾತಿನಷ್ಟೇ ಇರಲಿ."

ಒಂದು ಭಯ ಹೇಳಿದೆ ಆಕಿಗೆ.
ಹೋದ ವರ್ಷ ಹಾವೇರಿ ಮಾಸ್ತರೊಬ್ಬರ ಕನ್ನಡ
ಬ್ಯಾರೆ ಊರಿನ ಕಂಪ್ಯೂಟರಿನ್ಯಾಗ ತೆರೆದಾಗ
ಬರೀ ಖಾಲಿ ಡಬ್ಬಿ ಆಗಿತ್ತು ಸಾಲಿಗೆ ಸಾಲು;
ಅಲ್ಲಿ ಆ ಫಾಂಟ್ ಇರಲಿಲ್ಲ.
"ಹಂಗಾದರ ಅಕ್ಷರಾನೂ ಬುತ್ತಿ ಕಟ್ಟಿ ಕಳಸು,
ಪರಊರಾಗ ಯಾರು ಉಣ್ಣಾಕ ಕೊಡತಾರ?"
ಫೈಲಿನ ಒಳಗೇ ಫಾಂಟ್ ಕಟ್ಟಿದೆ.

ಕೊನೀಗೆ ಇತ್ತು, ಎಲ್ಲಾರದೂ ಇರೋವಂಥಾದ್ದು,
ಗುಲಾಬಿ ಹೂವಿನ ನಡುವ ಧನ್ಯವಾದಗಳು.
"ತೆಗಿ ಇದನ್ನ. ಅವರಿನ್ನೂ ಏನು ಕೊಟ್ಟಾರ?"
ತೆಗೆದೆ. ಖಾಲಿ ಉಳೀತು ಸ್ಲೈಡು.
ಅಳಿಸಾಕ ಹೋದೆ, ಕೈ ಹಿಡಿದಳು:
"ಇರಲಿ ಅದು.
ಒಂದು ಸೀರಿ ಮುಗಿದ ಮ್ಯಾಲೆ ಗೇಣುದ್ದ
ನೇಯದ ಹಾಸು ಬಿಡತೇವಿ,
ಮುಂದಿನ ಸೀರಿಗೆ ಅಲ್ಲಿಂದ ಹಾದಿ."

ಹತ್ತು ಹೊಡೀತು. ಸ್ಲೈಡಿಗೆ ಇಪ್ಪತ್ತರಂಗ
ಹತ್ತರ ಲೆಕ್ಕ ಹಾಕಿ ಇನ್ನೂರು ಅಂದೆ.
ಅಂಬುಬಾಯಿ ಮತ್ತೊಂದು ಇಪ್ಪತ್ತರ ನೋಟು
ಕೀಬೋರ್ಡಿನ ಮ್ಯಾಲೆ ಇಟ್ಟಳು.
"ಖಾಲೀದಕ್ಕೂ ಹಿಡಿ.
ಅದನ್ನೇನು ಪುಕ್ಕಟೆ ಬಿಟ್ಟೇವೇನು?"