ಒಂದೂಕಾಲು ಇಂಚು

ಪುಟ್ಟಲಿಂಗಯ್ಯನ ಅಂಗಡಿಯಲ್ಲಿ ಪೈಪುಗಳು
ಗೋಡೆಗೊರಗಿ ನಿಂತಿದ್ದವು,
ಚೀಟಿ ಹಿಡಿದು ಕಾದ ಹೊರರೋಗಿಗಳ ಹಾಗೆ.
ಬಿಳಿಯದು, ಬೂದಿ ಬಣ್ಣದ್ದು, ನೀಲಿ ಗೆರೆಯ ಕಪ್ಪು,
ಕೆನೆ ಬಣ್ಣದ್ದು ಬಿಸಿನೀರಿಗಂತೆ.
ಮೂಲೆಯಲ್ಲಿ ಜಿ.ಐ.,
ತುಕ್ಕು ಹಿಡಿದರೂ ಗತ್ತು ಬಿಡದ ಹಿರಿಯ.

"ಯಾವುದಕ್ಕೆ ಮೇಡಂ?"
ಮಳೆನೀರಿಗೆ.
ಹಿಂದಿನ ಸಂದಿಯ ಕರೀ ಟ್ಯಾಂಕಿನಿಂದ ಅಡುಗೆಮನೆ ನಲ್ಲಿಗೆ.
ಟೇಪು ಸಿಗದೆ ಸೀರೆಯಲ್ಲಿ ಅಳೆದೆ:
ಒಂದು ಸೀರೆ ಉದ್ದ, ಮೇಲೆ ಮೂರು ಮೊಳ.
"ಮೋಟಾರು?"
ಬೇಡ. ನಾಲ್ಕಡಿ ಕಟ್ಟೆ ಕಟ್ಟಿಸಿದ್ದೇನೆ,
ತಾನೇ ಇಳಿದು ಬರಲಿ.

ಹನಿಗೂಡಿದರೆ ಹಳ್ಳ ಅಂತಾರೆ.
ಆ ಹಳ್ಳ ಒಲೆಯ ತನಕ ಬರೋಕೆ ಎಷ್ಟು ಇಂಚು,
ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ.

ಅಳತೆ ನನಗೆ ಹೊಸದೇನಲ್ಲ.
ಹತ್ತೊಂಬತ್ತು ವರ್ಷ ವಾರ್ಡಿನಲ್ಲಿ ಸೂಜಿ ಹಿಡಿದ ಕೈ.
ಹಳದಿ ಕೂಸಿಗೆ, ನೀಲಿ ಮುದುಕರ ಸೋತ ನರಕ್ಕೆ,
ಗುಲಾಬಿ ಎಲ್ಲರಿಗೂ, ಹಸಿರು ರಕ್ತ ಏರಿಸೋಕೆ.
ಅಲ್ಲಿ ನಂಬರು ದೊಡ್ಡದಾದಷ್ಟೂ ತೂತು ಸಣ್ಣ,
ಇಲ್ಲಿ ಉಲ್ಟಾ.
ಆದರೆ ಒತ್ತಡ ಬಿದ್ದು ಹೋದವರಿಗೆ
ದಪ್ಪ ದಾರಿಯೇ ಬೇಕು,
ಅದು ಎರಡೂ ಕಡೆ ಒಂದೇ.

ಒಂದೂಕಾಲು ಕೊಡಿ, ಅಂದೆ.

ಪ್ಲಂಬರ್ ದಸ್ತಗೀರ್ ಬಿಳಿ ಪೈಪೊಂದನ್ನು ಕಣ್ಣಿಗಿಟ್ಟು
ಮಾಗಡಿ ರಸ್ತೆಯ ಬಸ್ಸು ನೋಡಿದ.
"ಇದು ಬೇಡ ಅಕ್ಕ. ಬೆಳಕು ಒಳಗಿಳಿದರೆ ಪಾಚಿ."
ಪುಟ್ಟಲಿಂಗಯ್ಯ ಜಿ.ಐ. ಕಡೆ ಕೈ ತೋರಿದ.
"ಮಳೆನೀರು ಹಸಿದ ನೀರು ಸ್ವಾಮಿ,
ಉಪ್ಪಿಲ್ಲ, ಸುಣ್ಣವಿಲ್ಲ,
ಕಬ್ಬಿಣ ಸಿಕ್ಕರೆ ಅದನ್ನೇ ತಿನ್ನುತ್ತೆ."
ಕೊನೆಗೆ ಕಪ್ಪು. ಒಂದು ಡಬ್ಬಿ ಅಂಟು, ಎರಡು ಎಲ್ಬೋ,
ಒಂದು ಯೂನಿಯನ್ನು, ಒಂದು ಒಮ್ಮುಖದ ವಾಲ್ವು.
ದಿನ ಬಿಟ್ಟು ದಿನ ಬರುವ ಕಾವೇರಿಯ ಲೈನಿಗೆ
ಇದು ಹಿಂದೆ ನುಗ್ಗಬಾರದು.
ಎದೆಯೊಳಗೂ ಅಂಥವು ನಾಲ್ಕಿವೆ,
ಒಂದು ಸೋರಿದರೆ ಏನಾಗುತ್ತೆ
ರಾತ್ರಿ ಪಾಳಿಯಲ್ಲಿ ನೋಡಿದ್ದೇನೆ.

ನೇರ ಎಳೆದರೆ ಎರಡೇ ತಿರುವು.
ನೇರದ ದಾರಿಯಲ್ಲಿ ಒಗೆಯೋ ಕಲ್ಲು ಕೂತಿತ್ತು.
"ಕಲ್ಲು ಅಲ್ಲಾಡಿಸಂಗಿಲ್ಲ," ಅಂದರು ಅತ್ತೆ.
ವಾಷಿಂಗ್ ಮಷೀನು ಬಂದು ಎಂಟು ವರ್ಷ, ಅಂದೆ.
"ಏಳು ಜನರ ಬಟ್ಟೆ ಒಗೆದಿದ್ದೀನಿ ಇದರ ಮೇಲೆ.
ನಿನ್ನ ಗಂಡನ ಅಂಗಿ ಸೇರಿ."
ಅವರಿಲ್ಲದೆ ಆರು ವರ್ಷ.
ಅಂಗಿಗಳನ್ನು ನಾನೇ ಗಂಟು ಕಟ್ಟಿ ಕೊಟ್ಟಿದ್ದೆ.
ಮಾತು ಅಲ್ಲಿಗೇ ನಿಂತಿತು.

ದಸ್ತಗೀರ್ ಗರಗಸ ಕೆಳಗಿಟ್ಟು ಗಾಡಿ ಹತ್ತಿ ಹೋದ.
ತಂದದ್ದು ಎಲ್ಬೋ ಅಲ್ಲ, ಎರಡು ನೀಳ ಬೆಂಡು.
"ಮೂಲೆ ಚೂಪಾದರೆ ನೀರಿಗೆ ಸುಸ್ತು,
ಹೀಗೆ ಬಳಸಿದರೆ ಅದಕ್ಕೆ ಗೊತ್ತೇ ಆಗಲ್ಲ."
ಕಲ್ಲಿನ ಸೊಂಟ ಬಳಸಿ ಪೈಪು ಹೋಯಿತು.

ಗುರುವಾರ ರಾತ್ರಿ ಸುಂಕದಕಟ್ಟೆಗೆ ಮಳೆ.
ನನಗೆ ಡ್ಯೂಟಿ.
ಬೆಳಿಗ್ಗೆ ಬಂದರೆ ಟ್ಯಾಂಕು ತುಂಬಿದೆ,
ನಲ್ಲಿ ಬರೀ ಕೆಮ್ಮುತ್ತಿದೆ.
ಪೈಪಿಗೆ ಕಿವಿಯಿಟ್ಟು ಉದ್ದಕ್ಕೂ ಬಂದೆ.
ಕಲ್ಲಿನ ಹತ್ತಿರ, ಆ ಬಳಸಿನಲ್ಲಿ, ಗಾಳಿ ಸಿಕ್ಕಿಕೊಂಡಿತ್ತು.
ಡ್ರಿಪ್ಪಿನ ಗುಳ್ಳೆಗೆ ಹೊಡೆಯುವ ಹಾಗೆ
ಬೆರಳಿನಿಂದ ಟಕ್ಕೆಂದು ಹೊಡೆದೆ,
ಅಭ್ಯಾಸ.
ಕೇಳಲಿಲ್ಲ.
ಯೂನಿಯನ್ನು ಅರ್ಧ ಸುತ್ತು ಸಡಿಲಿಸಿದೆ,
ಉಸ್ಸೆಂದಿತು, ಕಾಲ ಮೇಲೆ ನೀರು.
ಒಳಗೆ ಪಾತ್ರೆಯ ತಳ ಢಣಢಣ ಅಂದಿತು.

ಬೋರಿನ ನೀರಿಗೆ ಆರು ಕೂಗಿಗೂ ಜಗ್ಗದ ಬೇಳೆ.
ಅತ್ತೆ ಎರಡಕ್ಕೇ ಇಳಿಸಿ
ಸೌಟಿನ ಹಿಂಬದಿಯಲ್ಲಿ ಒತ್ತಿ ನೋಡಿದರು,
ಏನೂ ಅನ್ನಲಿಲ್ಲ.
ನಾನು ಮಲಗಿದೆ.
ನಿದ್ದೆಯ ಅಂಚಿನಲ್ಲಿ, ಹಿಂದಿನ ಸಂದಿಯಿಂದ,
ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು.
ಯಾರದೆಂದು ಎದ್ದು ನೋಡಲಿಲ್ಲ.