ಈಗ್ತಾನೆ ಉಂಡವ್ಳೆ, ಸಾ

ಬೆಳಗಿನ ಐದಕ್ಕೆ ನಾಲೆ ಏರಿಯ ಮೇಲೆ ನಾವಿಬ್ಬರೇ,
ಸೂಜಿ ಮತ್ತು ನಾನು.
ಕಬ್ಬಿಗೆ ನೀರು ಕಟ್ಟುವವನೊಬ್ಬ
ಬ್ಯಾಟರಿ ಬಿಟ್ಟು ಕೇಳುತ್ತಾನೆ: 'ಯಾರವ್ವ ಅದು?'
'ಪೊಲೀಸ್ ನಾಯಿ ಕಣಣ್ಣ.'
'ನಾಯಿ ಸರಿ, ನೀನ್ಯಾರು?'

ಅವಳ ಹೊಟ್ಟೆ ಖಾಲಿ. ನನ್ನದೂ.
ಡಾಬರ್‌ಮನ್ ಜಾತಿ, ಎದೆ ಆಳ, ನಡು ಸಣ್ಣ.
ಒಳಗೆ ಹೊಟ್ಟೆ ಗೂಟಕ್ಕೆ ನೇತುಹಾಕಿದ ಚೀಲ,
ತುಂಬಿಸಿ ಕುಣಿಸಿದರೆ ತಿರುಚಿಕೊಂಡು
ಎರಡೂ ಬಾಯಿ ಬಿಗಿಯುತ್ತದೆ.
ತರಬೇತಿಯಲ್ಲಿ ಹೇಳಿದ್ದರು.
ನೋಟುಬುಕ್ಕಿನಲ್ಲಿ ಬರೆದೂ ಇದ್ದೆ, ಕೆಂಪು ಗೆರೆ ಎಳೆದು.

ಓಟ, ಕೂರು, ಹುಡುಕು, ಮತ್ತೆ ಓಟ.
ಮೈಸೂರಿನ ರೈಲು ಕೂಗುವ ಹೊತ್ತಿಗೆ ಕ್ವಾರ್ಟರ್ಸಿಗೆ ವಾಪಸ್.
ನಾಲ್ಕು ಗುಟುಕು ನೀರು, ಹೆಚ್ಚಿಲ್ಲ.
ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಉಸಿರು ಎಣಿಸುತ್ತೇನೆ.
ಬಟ್ಟಲು ಕಟ್ಟೆಯ ಮೇಲೆ. ಅವಳ ಕಣ್ಣು ಬಟ್ಟಲ ಮೇಲೆ.
ಪಕ್ಕದ ಮನೆ ಕೆಂಪತಾಯಮ್ಮ ಅಕ್ಕಿ ಆರಿಸುತ್ತಾ ದಿನವೂ ಅನ್ನುತ್ತಾಳೆ:
'ಪಾಪ, ಹಸ್ಕೊಂಡು ಕುಂತದೆ. ಹಾಕ್ಬಾರ್ದೇನೆ?
ಏನ್ ಗಟ್ಟಿ ಎದೆ ನಿಂದು!'

ಮೇಜರ್‌ನನ್ನೂ ಹೀಗೇ ಕಾಯಿಸುತ್ತಿದ್ದೆ.
ಆ ದಿನ ಒಂದೂವರೆಗೆ ಉಂಡು
ಹೊಂಗೆ ನೆರಳಲ್ಲಿ ಮಲಗಿದ್ದ.
ಒಂದೂಮುಕ್ಕಾಲಿಗೆ ಜೀಪು.
ಕೆರಗೋಡಿನಲ್ಲಿ ಒಡವೆ ಅಂಗಡಿ, ಹಿಂಬಾಗಿಲು ಮುರಿದಿದೆ,
ವಾಸನೆ ಆರುವ ಮುಂಚೆ, ಬೇಗ ಬೇಗ.
ನನ್ನ ಬಾಯಲ್ಲಿ ಮೂರೇ ಮೂರು ಪದ ಇದ್ದವು.
ಎಲೆ ಅಡಿಕೆಯ ಹಾಗೆ ಕೆನ್ನೆಗೆ ಒತ್ತಿಕೊಂಡೆ.
ಕೆಲಸಕ್ಕೆ ಸೇರಿ ಏಳು ತಿಂಗಳು,
ಸಾಹೇಬರ ಮುಂದೆ ನಾಯಿಯ ಊಟದ ಮಾತೇ?

ಓಡಿದ. ಬದು ಹಾರಿದ, ಕೊರಕಲು ಇಳಿದು ಹತ್ತಿದ,
ಪಂಪ್‌ಸೆಟ್ ಮನೆಯ ಮುಂದೆ ಕೂತು ಬೊಗಳಿದ.
ಒಡವೆ ಸಿಕ್ಕಿತು. ಎಲ್ಲರೂ ಫೋಟೋಗೆ ನಿಂತೆವು.
ಸಂಜೆ ವಾಂತಿಗೆ ಬಗ್ಗಿದ, ಏನೂ ಬರಲಿಲ್ಲ.
ಮತ್ತೆ ಬಗ್ಗಿದ, ಬರೀ ನೊರೆ.
ಪಕ್ಕೆ ತಟ್ಟಿದರೆ ತಮಟೆ.

ಮೈಸೂರಿನ ಆಸ್ಪತ್ರೆಗೆ ಅಂತ ಹೊರಟೆವು.
ಬಾಬುರಾಯನಕೊಪ್ಪಲು ದಾಟುವಾಗ
ನನ್ನ ತೊಡೆಯ ಮೇಲಿನ ಭಾರ ಬೇರೆಯಾಯಿತು.
ಡ್ರೈವರ್ ಚಿಕ್ಕೀರಯ್ಯ ಕನ್ನಡಿಯಲ್ಲಿ ನೋಡಿ ನಿಧಾನ ಮಾಡಿದ.
'ಓಡ್ಸಣ್ಣ' ಅಂದೆ.
ಪಟ್ಟಣದ ಸೇತುವೆಯವರೆಗೂ ಓಡಿಸಿದ, ಪುಣ್ಯಾತ್ಮ,
ಒಂದು ಮಾತಾಡದೆ.

ವರದಿಯಲ್ಲಿ ಬರೆದರು: ಕರ್ತವ್ಯದಲ್ಲಿದ್ದಾಗ.
ಯಾರ ಕರ್ತವ್ಯ ಅಂತ ಬರೆದಿಲ್ಲ.

ಸೂಜಿ 'ಇರು' ಕಲಿತದ್ದು ನಾಲ್ಕು ದಿನಕ್ಕೆ.
ಮುಂದೆ ಬಟ್ಟಲು, ಗೋಡೆ ಮೇಲೆ ಅಳಿಲು,
ಜೊಲ್ಲು ಎಳೆಯಾಗಿ ನೆಲ ಮುಟ್ಟಿದರೂ ಕದಲುವುದಿಲ್ಲ.
ನಾನು ಮೂರು ವರ್ಷ ತೆಗೆದುಕೊಂಡೆ.

ಮೊನ್ನೆ ಎರಡು ಗಂಟೆ ಹತ್ತು ನಿಮಿಷಕ್ಕೆ ಜೀಪು ಬಂತು.
ಎದ್ದು ನಿಂತೆ, ಸೆಲ್ಯೂಟು ಹೊಡೆದೆ.
'ಈಗ್ತಾನೆ ಉಂಡವ್ಳೆ, ಸಾ. ನಾಕೂವರೆಗೆ ಬತ್ತೀವಿ.'
ಅವರು ಗಡಿಯಾರ ನೋಡಿದರು, ನಾಯಿ ನೋಡಿದರು,
ಕೊನೆಗೆ ನನ್ನನ್ನು.
'ಅಲ್ಲೀವರ್ಗೂ ಕಳ್ಳ ಕಾಯ್ತಾನೇನಮ್ಮ?'
'ಕಾಯಕಿಲ್ಲ, ಸಾ.'
ಬೇರೇನೂ ತೋಚಲಿಲ್ಲ. ಮೊಣಕಾಲು ನಡುಗುತ್ತಿತ್ತು.
ಸೂಜಿ ಮಾತ್ರ ಮಗ್ಗುಲು ಬದಲಿಸಿ ಗೊರಕೆ ಹೊಡೆದಳು.

ನಾಕೂವರೆಗೆ ಹೋದೆವು.
ಅಂಗಳದ ತುಂಬ ಊರಿನವರ ಹೆಜ್ಜೆ, ಬೀಡಿ ಹೊಗೆ,
ಯಾರೋ ಸಾರಿಸಿಬಿಟ್ಟಿದ್ದರು ಕೂಡ.
ಬೇಲಿಯವರೆಗೆ ಮೂಸಿ ಹೋಗಿ
ಸೂಜಿ ತಿರುಗಿ ನನ್ನ ಮುಖ ನೋಡಿದಳು.
ಏನೂ ಸಿಗಲಿಲ್ಲ.

ಮೆಮೊ ಬಂದಿದೆ. ಮೇಜಿನ ಮೇಲಿದೆ,
ಮೂರು ದಿನದೊಳಗೆ ಉತ್ತರ ಬರೆಯಬೇಕು.
ಹಳೆಯ ನೋಟುಬುಕ್ಕು ಹುಡುಕಿ ತೆಗೆದಿಟ್ಟಿದ್ದೇನೆ,
ಆ ಪುಟದ ಕೆಂಪು ಗೆರೆ ಇನ್ನೂ ಮಾಸಿಲ್ಲ.

ಎಂಟಾಯಿತು.
ಅಂಗೈ ಕೆಳಗೆ ಉಸಿರು ಇಳಿದಿದೆ,
ನಾಲಗೆ ಒಳಗೆ ಹೋಗಿದೆ.
ಬಟ್ಟಲು ಇಳಿಸಿ 'ಉಣ್ಣು' ಅನ್ನುತ್ತೇನೆ.
ಮೊರದಿಂದ ತಲೆ ಎತ್ತದೆಯೇ ಕೆಂಪತಾಯಮ್ಮ:
'ಅಂತೂ ಹಾಕ್ದೆ, ತಾಯಿ.'