ಅರ್ಥಿಂಗ್

ಲ್ಯಾಪ್‌ಟಾಪಿಗೊಂದು ಸಣ್ಣ ತೂತು,
ಹಳೇ ಆಂಪ್ಲಿಫೈಯರಿಗೆ ಕೆಂಪೊಂದು, ಬಿಳಿದೊಂದು;
ನಡುವ ಸ್ಟೇಷನ್ ರೋಡಿನ್ಯಾಗ ಕೊಂಡ ನೂರಾ ನಲವತ್ತರ ವಾಯರು.
ಹಾಡು ಬಂತು.
ಅದರ ಬುಡಕ್ಕ ಗುಂಯ್ ಅಂತ ಇನ್ನೊಂದು ಬಂತು.

"ತಂಬೂರಿ ಇರಬೇಕು ಬಿಡ್ರಿ" ಅಂದಳು ಕಸ್ತೂರಿ.
ಹಾಡು ನಿಲ್ಲಿಸಿದೆ.
ತಂಬೂರಿ ನಿಲ್ಲಲಿಲ್ಲ.

ಚಾರ್ಜರ್ ಕಿತ್ತರ ಗಪ್ಪು, ಹಾಕಿದರ ಮತ್ತ ಜೇನುಹುಟ್ಟು.
ಬ್ಯಾಟರಿಗೆ ಹತ್ತು ನಿಮಿಷದ ಆಯುಷ್ಯ,
ವಿಲಂಬಿತ ಮುಗಿಯೂದರಾಗ ಕಣ್ಣು ಮುಚ್ಚತೈತಿ.

ಮುಳಗುಂದ ನಾಕಾದಿಂದ ದಾವಲಸಾಬ ಬಂದ.
ಪ್ಲಗ್ಗಿಗೆ ಟೆಸ್ಟರ್ ಚುಚ್ಚಿ, ಗ್ವಾಡಿ ಮಾತು ಕೇಳವರಂಗ ನಿಂತು,
"ನಿಮ್ಮ ಮನ್ಯಾಗ ಅರ್ಥಾನ ಇಲ್ರೀ" ಅಂದ.
"ಇಪ್ಪತ್ತು ವರ್ಷಾತು, ನಾನೂ ಅದನ್ನ ಹೇಳಾಕಹತ್ತೇನಿ"
ಒಳಗಿಂದ ಕಸ್ತೂರಿ.

ಹಿತ್ತಲದಾಗ ಕರಿಬೇವಿನ ಬಾಜೂಕ ಹೂತ ಪೈಪು,
ಒಣಗಿ ಬಾಯಿ ಬಿಟ್ಟ ಎರಿಮಣ್ಣು.
ಉಪ್ಪು, ಇದ್ದಿಲು, ನಾಕು ಕೊಡ ನೀರು.
ನಳ ಬಂದು ಹನ್ನೊಂದು ದಿನ ಆಗಿತ್ತು;
ಕೊಡ ಎತ್ತುವಾಗ ಆಕಿ ಮುಖ ನೋಡಲಿಲ್ಲ ನಾ.

ಮತ್ತ ಹಚ್ಚಿದೆ.
ಗುಂಯ್ ಮಣ್ಣಿಗಿಳಿದಿತ್ತು.
ಹಾಡೋರು ಉಸಿರು ತಗೊಂಡದ್ದು ಕೇಳಿತು,
ಮುಂದಿನ ಸಾಲಿನ್ಯಾಗ ಯಾರದೋ ಬಳಿ ಸಪ್ಪಳ,
ಆಮ್ಯಾಲೆ, ಭಾಳ ಹಿಂದ,
ಖರೇ ತಂಬೂರಿ.

ದಾವಲಸಾಬ ಅರ್ಧಾ ಎಣಿಸಿದ ರೊಕ್ಕ ಹಿಡಕೊಂಡ ಕುಂತ.
ಕಸ್ತೂರಿ ಎದ್ದಳು,
ಯಾರೂ ಕೇಳದ ಐದನೇ ಕೊಡ ಸುರಿಯಾಕ.